ಹೈ ವೋಲ್ಟೇಜ್ ಡಿಸಿಯಿಂದ ಪಲ್ಸ್: ಸಾಲಾಗಿ ನಿಂತ ಮಾಸ್ಫೆಟ್‌ಗಳ ಕಥೆ

10 ಕಿಲೋವೋಲ್ಟ್ ಡಿಸಿ ಇದೆ, ಲೋಡ್ 500 ಓಮ್. ನಮಗೆ 2 ಮೈಕ್ರೋಸೆಕೆಂಡಿನ ಪಲ್ಸ್ ಬೇಕು, ಅಂದರೆ ನಡುವಿನ ಸ್ವಿಚ್ ಅಷ್ಟು ಹೊತ್ತು ಮಾತ್ರ ಆನ್ ಇರಬೇಕು. ಕರೆಂಟ್ 20 ಆಂಪಿಯರ್ ಆಯಿತು. ಇದೊಂದೇ ಉದಾಹರಣೆ ಹಿಡಿದು ಹೋಗೋಣ.

ಪಲ್ಸ್ ಇರುವಷ್ಟು ಹೊತ್ತು ಪವರ್ 200 ಕಿಲೋವ್ಯಾಟ್. ಗಾಬರಿ ಬೇಡ, ಒಂದು ಪಲ್ಸ್‌ಗೆ ಖರ್ಚಾಗುವುದು 0.4 ಜೂಲ್ ಅಷ್ಟೆ. ಸೆಕೆಂಡಿಗೆ 100 ಪಲ್ಸ್ ಕೊಟ್ಟರೂ ಸರಾಸರಿ 40 ವ್ಯಾಟ್. ಆ ಕ್ಷಣದ ಕರೆಂಟನ್ನು ಕೊಡುವುದು ಕೆಪಾಸಿಟರ್. 1 ಮೈಕ್ರೋಫ್ಯಾರಡ್ ಇಟ್ಟರೆ ಪಲ್ಸ್ ಮುಗಿಯುವಾಗ ವೋಲ್ಟೇಜ್ 40 ವೋಲ್ಟ್ ಮಾತ್ರ ಇಳಿಯುತ್ತದೆ. ಆದರೆ ಅದರೊಳಗೆ 50 ಜೂಲ್ ಕೂತಿರುತ್ತದೆ, ಮುಟ್ಟಿದರೆ ಪ್ರಾಣ ಹೋಗಬಹುದು. ಆಫ್ ಮಾಡಿದ ಮೇಲೆ ಆ ಚಾರ್ಜನ್ನು ಮೆಲ್ಲಗೆ ಇಳಿಸುವ ಬ್ಲೀಡರ್ ರೆಸಿಸ್ಟರ್ ಇಲ್ಲದೆ ಕಟ್ಟಲೇಬೇಡಿ.

ಹಿಂದೆ ಇಲ್ಲಿ ಸ್ವಿಚ್ ಆಗಿ ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಸಂದು), ಥೈರಾಟ್ರಾನ್ (ಅನಿಲ ತುಂಬಿದ ಟ್ಯೂಬ್) ಇರುತ್ತಿದ್ದವು. ಅವನ್ನು ಆನ್ ಮಾಡಬಹುದು, ಬೇಕೆಂದಾಗ ಆಫ್ ಮಾಡಲು ಆಗದು. ಮಾಸ್ಫೆಟ್, ಐಜಿಬಿಟಿ ಎಂಬ ಸೆಮಿಕಂಡಕ್ಟರ್ ಸ್ವಿಚ್‌ಗಳಲ್ಲಿ ಗೇಟ್ ಎಂಬ ನಿಯಂತ್ರಣದ ಕಾಲು ಎರಡನ್ನೂ ಮಾಡುತ್ತದೆ.

ಈಗ ನಿಜವಾದ ತೊಂದರೆಗೆ ಬರೋಣ. 1200 ವೋಲ್ಟ್ ತಾಳುವ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್ ತೆಗೆದುಕೊಂಡರೆ, ಒಂದೊಂದಕ್ಕೆ 700 ವೋಲ್ಟ್‌ಗಿಂತ ಜಾಸ್ತಿ ಬೀಳದಂತೆ 15 ಮಾಸ್ಫೆಟ್‌ಗಳನ್ನು ಸರಣಿಯಲ್ಲಿ ಜೋಡಿಸಬೇಕು. ಆಫ್ ಇರುವಾಗ ವೋಲ್ಟೇಜ್ ಸಮನಾಗಿ ಹಂಚಲು ಪ್ರತಿಯೊಂದಕ್ಕೂ ಅಡ್ಡಲಾಗಿ ಒಂದೇ ಓಮ್ ಮೌಲ್ಯದ ರೆಸಿಸ್ಟರ್ ಸಾಕು. ಆನ್ ಆಗುವ ಗಳಿಗೆಯೇ ಕಷ್ಟ. 14 ಆನ್ ಆಗಿ ಒಂದು ತಡ ಮಾಡಿತು ಅಂದುಕೊಳ್ಳಿ. ಲೋಡ್ ಕರೆಂಟ್ ಪೂರ್ತಿ ಆ ಒಂದರ ಕೆಪಾಸಿಟನ್ಸ್‌ಗೆ ನುಗ್ಗುತ್ತದೆ. ಅಡ್ಡಲಾಗಿ 1 ನ್ಯಾನೋಫ್ಯಾರಡ್‌ನ ಸ್ನಬ್ಬರ್ (ವೋಲ್ಟೇಜ್ ಏರುವ ವೇಗ ತಗ್ಗಿಸುವ ಕೆಪಾಸಿಟರ್) ಇದ್ದರೆ ವೋಲ್ಟೇಜ್ ನ್ಯಾನೋಸೆಕೆಂಡಿಗೆ ಸುಮಾರು 20 ವೋಲ್ಟ್ ಏರುತ್ತದೆ. 10 ನ್ಯಾನೋಸೆಕೆಂಡ್ ತಡವಾದರೆ, ಮೊದಲೇ ಇದ್ದ ಸುಮಾರು 670 ವೋಲ್ಟ್ ಸೇರಿ 900 ವೋಲ್ಟ್ ಹತ್ತಿರ, ಬದುಕಿತು. 50 ಆದರೆ 1200 ದಾಟಿ ಹೋಗುತ್ತದೆ, ಮಾಸ್ಫೆಟ್ ಸುಟ್ಟಿತು. ಆಫ್ ಆಗುವಾಗ ಇದು ತಿರುಗುಮುರುಗು: ಎಲ್ಲರಿಗಿಂತ ಮೊದಲು ಆಫ್ ಆದದ್ದಕ್ಕೆ ಪೆಟ್ಟು.

ಗೇಟ್‌ಗೆ ಸಿಗ್ನಲ್ ಕೊಡುವ ಗೇಟ್ ಡ್ರೈವರ್‌ನ ಐಸೊಲೇಶನ್ (ನೆಲದ ಕಡೆಯ ಸರ್ಕ್ಯೂಟಿನಿಂದ ವಿದ್ಯುತ್ ಬೇರ್ಪಡಿಕೆ) ಬಗ್ಗೆ ಇನ್ನೊಂದು ಲೆಕ್ಕ. ಸಾಲಿನ ಮೇಲಿನ ಮಾಸ್ಫೆಟ್‌ನ ಸೋರ್ಸ್ ಕಾಲು 100 ನ್ಯಾನೋಸೆಕೆಂಡಿನಲ್ಲಿ 10 ಕಿಲೋವೋಲ್ಟ್ ಜಿಗಿದರೆ, ಐಸೊಲೇಶನ್‌ನ ಎರಡು ಬದಿಗಳ ನಡುವಿನ ಬರೀ 10 ಪಿಕೋಫ್ಯಾರಡ್ ಮೂಲಕವೂ 1 ಆಂಪಿಯರ್ ಸೋರುತ್ತದೆ. ಅದಕ್ಕೇ ಸಿಗ್ನಲ್‌ಗೆ ಆಪ್ಟಿಕಲ್ ಫೈಬರ್, ಪವರ್‌ಗೆ ಕೆಪಾಸಿಟನ್ಸ್ ಕಡಿಮೆ ಇರುವ ಟ್ರಾನ್ಸ್‌ಫಾರ್ಮರ್.

ಹೀಗೆ ಮಾಸ್ಫೆಟ್‌ಗಳನ್ನು ಸಾಲಾಗಿ ನಿಲ್ಲಿಸುವ ಬದಲು ನನಗೆ ಮಾರ್ಕ್ಸ್ ಸರ್ಕ್ಯೂಟೇ ಇಷ್ಟ. 1924ರ ಸುಮಾರಿಗೆ ಜರ್ಮನ್ ಎಂಜಿನಿಯರ್ ಎರ್ವಿನ್ ಮಾರ್ಕ್ಸ್ ಇದನ್ನು ಸ್ಪಾರ್ಕ್ ಗ್ಯಾಪ್‌ಗಳಿಂದ ಮಾಡಿದ್ದರು. ಕೆಪಾಸಿಟರ್‌ಗಳು ಪ್ಯಾರಲಲ್ ಆಗಿ ಚಾರ್ಜ್ ಆಗುತ್ತವೆ, ಸರಣಿಯಲ್ಲಿ ಡಿಸ್ಚಾರ್ಜ್ ಆಗುತ್ತವೆ. 800 ವೋಲ್ಟ್‌ನ 13 ಹಂತಗಳಿದ್ದರೆ 10.4 ಕಿಲೋವೋಲ್ಟ್. ಸೆಮಿಕಂಡಕ್ಟರ್ ಮಾರ್ಕ್ಸ್‌ನಲ್ಲಿ ಒಂದು ಹಂತ ತಡ ಮಾಡಿದರೆ ಕರೆಂಟ್ ಅಲ್ಲಿನ ಬೈಪಾಸ್ ಡಯೋಡ್ ಮೂಲಕ ಹಾದುಹೋಗುತ್ತದೆ. ಸ್ವಿಚ್ ಮೇಲೆ ತನ್ನದೇ ಕೆಪಾಸಿಟರ್‌ನ 800 ವೋಲ್ಟ್‌ಗಿಂತ ಹೆಚ್ಚು ಬೀಳುವುದಿಲ್ಲ. ಪಲ್ಸ್‌ನ ಅಂಚು ಸ್ವಲ್ಪ ಮೆಟ್ಟಿಲಾಗುತ್ತದೆ, ಅಷ್ಟೇ ಅಲ್ವಾ? ಆದರೂ ಗೇಟ್ ಐಸೊಲೇಶನ್ ಇಲ್ಲೂ ತಪ್ಪುವುದಿಲ್ಲ. ಲೋಡ್‌ನಲ್ಲಿ ಆರ್ಕ್ ಆದಾಗಿನ ಶಾರ್ಟ್ ಕರೆಂಟೂ ತಪ್ಪುವುದಿಲ್ಲ. ಶಾರ್ಟ್ ತಾಳುವ ಐಜಿಬಿಟಿಗಳಿಗೆ ಡೇಟಾಶೀಟ್ ಹೆಚ್ಚಾಗಿ 10 ಮೈಕ್ರೋಸೆಕೆಂಡ್ ಕೊಡುತ್ತದೆ. ಸಿಲಿಕಾನ್ ಕಾರ್ಬೈಡ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆ ಸಮಯದೊಳಗೆ ಗೇಟ್ ವೋಲ್ಟೇಜ್ ಇಳಿಸಿ ಸ್ವಿಚ್‌ಗಳನ್ನು ಆಫ್ ಮಾಡುವ ಸರ್ಕ್ಯೂಟನ್ನು ಮೊದಲೇ ಯೋಚಿಸಿ ಇಡಬೇಕು.