ಅಕ್ಷರವನ್ನೂ ಜೊತೆಗೆ ಕಳಿಸುವ ಪುಟ

ಮೊನ್ನೆ ಹಳೆಯ ಹಾರ್ಡ್ ಡಿಸ್ಕ್ ಕೆದಕುತ್ತಿದ್ದಾಗ ಇಪ್ಪತ್ತು ವರ್ಷದ ಹಿಂದೆ ಉಳಿಸಿಟ್ಟಿದ್ದ ಒಂದು ಕನ್ನಡ ವೆಬ್ ಪುಟ ಸಿಕ್ಕಿತು. ಆಸೆಯಿಂದ ತೆರೆದೆ. ಅದರಲ್ಲಿ ಕನ್ನಡವೇ ಇರಲಿಲ್ಲ. ‘ಕನ್ನಡ’ ಅನ್ನುವ ಪದ ಇರಬೇಕಾದ ಜಾಗದಲ್ಲಿ ಏಳು ಗುರುತುಗಳು ಸಾಲಾಗಿ ನಿಂತಿದ್ದವು. ಮೊದಲು ಇಂಗ್ಲಿಷಿನ ದೊಡ್ಡ ‘ಪಿ’. ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ. ಮತ್ತೆ ಅದೇ ಗೆರೆಯ ‘ಎ’. ಜರ್ಮನ್ ಭಾಷೆಯ ಎಸ್ಸೆಟ್. ಚಿಕ್ಕ ‘ಕ್ಯೂ’. ಕೊನೆಗೆ ಇನ್ನೊಂದು ಗೆರೆಯ ‘ಎ’.

‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿದವರಿಗೆ ಈ ಸಾಲು ಗುರುತು ಸಿಕ್ಕಿರುತ್ತದೆ. ಆ ಕಾಲದ ಫಾಂಟುಗಳು (ಅಕ್ಷರಕ್ಕೆ ಆಕಾರ ಕೊಡುವ ಫೈಲುಗಳು) ಕನ್ನಡವನ್ನು ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದವು. ‘ಪಿ’ ಇರುವ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’ದ ಚಿತ್ರ. ಗೆರೆಯ ‘ಎ’ ಜಾಗದಲ್ಲಿ ಬರೀ ತಲೆಕಟ್ಟು. ಪೌಂಡಿನ ಜಾಗದಲ್ಲಿ ‘ನ’, ಎಸ್ಸೆಟ್ ಜಾಗದಲ್ಲಿ ‘ನ’ದ ಒತ್ತು. ನಾವು ಅಚ್ಚಿನ ಮೊಳೆ ಜೋಡಿಸಿದ ಹಾಗೆ ತುಂಡು ತುಂಡಾಗಿ ಜೋಡಿಸುತ್ತಿದ್ದೆವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಪಾಲಿಗೆ ಮಾತ್ರ ಪಿ, ಪೌಂಡ್, ಕ್ಯೂ. ಆ ಫಾಂಟ್ ನಿಮ್ಮ ಹತ್ತಿರ ಇಲ್ಲದಿದ್ದರೆ ನಿಮಗೂ ಅದೇ ಕಾಣುತ್ತಿತ್ತು.

ಅದಕ್ಕೇ ಆಗಿನ ಕನ್ನಡ ತಾಣಗಳ ತಲೆಬರಹದಲ್ಲೇ ‘ಫಾಂಟ್ ಡೌನ್‌ಲೋಡ್ ಮಾಡಿಕೊಳ್ಳಿ’ ಅನ್ನುವ ಕೊಂಡಿ ಇರುತ್ತಿತ್ತು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರು ಯಾರದೋ ಕಂಪ್ಯೂಟರಿಗೆ ಫಾಂಟ್ ಹಾಕುವುದುಂಟೇ? ಎಷ್ಟೋ ಕಡೆ ಅದಕ್ಕೆ ಅನುಮತಿಯೂ ಇರುತ್ತಿರಲಿಲ್ಲ.

ಇಂಗ್ಲಿಷಿನವರ ಕಷ್ಟವೇ ಬೇರೆ. 1996ರಲ್ಲಿ ಮೈಕ್ರೋಸಾಫ್ಟ್ ವರ್ಡಾನಾ, ಜಾರ್ಜಿಯಾ, ಏರಿಯಲ್ ಥರದ ಕೆಲವು ಫಾಂಟುಗಳನ್ನು ವೆಬ್‌ಗೆಂದು ಪುಕ್ಕಟೆ ಹಂಚಲು ಶುರುಮಾಡಿತು. ಎಲ್ಲರ ಹತ್ತಿರವೂ ಇವು ಇರುತ್ತವೆ ಅನ್ನುವ ಭರವಸೆಯಲ್ಲಿ ವರ್ಷಗಟ್ಟಲೆ ಎಲ್ಲ ತಾಣಗಳೂ ಅದೇ ನಾಲ್ಕೈದು ಮುಖ ತೋರಿಸಿದವು. ಅವರ ಗೋಳು ‘ಬೇಜಾರು’. ನಮ್ಮದು ‘ಓದಲಿಕ್ಕೇ ಆಗದು’. ಆ ಪಟ್ಟಿಯಲ್ಲಿ ಕನ್ನಡದ ಫಾಂಟ್ ಒಂದೂ ಇರಲಿಲ್ಲ.

ಇದಕ್ಕೆ ಪರಿಹಾರ ಹೊಳೆದದ್ದು 1997ರಲ್ಲಿ. ಓದುಗ ಫಾಂಟ್ ಹುಡುಕಿಕೊಂಡು ಹೋಗುವ ಬದಲು ಪುಟವೇ ಫಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರೆ? ನೆಟ್‌ಸ್ಕೇಪ್ 4 ಬ್ರೌಸರ್ ಒಂದು ದಾರಿ ಹಿಡಿಯಿತು, ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಇನ್ನೊಂದು. ಒಬ್ಬರ ಫೈಲು ಇನ್ನೊಬ್ಬರಿಗೆ ಆಗದು. ಮಾರನೇ ವರ್ಷ ಬಂದ, ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಎರಡನೇ ಆವೃತ್ತಿ ಇದಕ್ಕೊಂದು ಎಲ್ಲರಿಗೂ ಹೊಂದುವ ವ್ಯಾಕರಣ ಕೊಟ್ಟಿತು: ‘@ಫಾಂಟ್-ಫೇಸ್’. ಆದರೆ ಬ್ರೌಸರ್ ಮಾಡುವವರು ಸರಿಯಾಗಿ ಕೈಗೂಡಿಸಲಿಲ್ಲ. ಫಾಂಟ್ ಕಂಪನಿಗಳಿಗೂ ತಮ್ಮ ಸರಕು ಕದ್ದುಹೋದೀತೆಂಬ ಭಯ. ಸಿಎಸ್‌ಎಸ್ 2.1 ಬರುವಷ್ಟರಲ್ಲಿ ಆ ನಿಯಮವನ್ನೇ ಕಿತ್ತುಹಾಕಿದ್ದರು.

ಕನ್ನಡ ತಾಣಗಳಿಗೆ ಮಾತ್ರ ಅಷ್ಟು ಸುಲಭವಾಗಿ ಕೈಬಿಡಲು ಆಗಲಿಲ್ಲ. ಮೈಕ್ರೋಸಾಫ್ಟ್ ದಾರಿಯನ್ನೇ ‘ಡೈನಮಿಕ್ ಫಾಂಟ್’ ಎಂದು ಕರೆದುಕೊಂಡು ಬಹಳ ಕಾಲ ಬಳಸಿದೆವು. ನಾವದನ್ನು ಬಳಸಿದ್ದು ಅಂದಕ್ಕಲ್ಲ, ಓದಿಸಿಕೊಳ್ಳುವುದಕ್ಕೆ. ಆದರೂ ಒಳಗಿದ್ದದ್ದು ಅದೇ ಪಿ, ಪೌಂಡ್, ಕ್ಯೂ ತಾನೇ? ಬೇರೆ ಬ್ರೌಸರಿನಲ್ಲಿ ತೆರೆದರೆ ಮುಖವಾಡ ಕಳಚಿ ಬೀಳುತ್ತಿತ್ತು. ಪುಟದೊಳಗೆ ‘ಕುವೆಂಪು’ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಅಲ್ಲಿಂದ ಒಂದು ಸಾಲು ಕಾಪಿ ಮಾಡಿ ಗೆಳೆಯನಿಗೆ ಇಮೇಲ್ ಕಳಿಸಿದರೆ ಅವನು ‘ಏನಿದು, ವೈರಸ್ಸಾ?’ ಅಂತ ಕೇಳುತ್ತಿದ್ದ.

ಇದನ್ನು ನಿಜವಾಗಿ ಬಿಡಿಸಿದ್ದು ಯೂನಿಕೋಡ್, ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಅದರಲ್ಲಿ ಕನ್ನಡಕ್ಕೆ ಸ್ವಂತ ನಿವೇಶನ ಇದೆ, 3200ರಿಂದ 3327ರವರೆಗೆ ಒಟ್ಟು 128 ಜಾಗ. (ಸಿಎಸ್‌ಎಸ್‌ನಲ್ಲಿ ಇವನ್ನು ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆಯಬೇಕು. ಇಲ್ಲಿ ನಮ್ಮ ಮಾಮೂಲಿ ಲೆಕ್ಕದಲ್ಲೇ ಹೇಳುತ್ತೇನೆ.) ‘ಕನ್ನಡ’ ಈಗ ಐದು ಸಂಖ್ಯೆ: 3221, 3240, 3277, 3240, 3233. ಅಂದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ. ತಲೆಕಟ್ಟಿಗೆ ಬೇರೆ ಸಂಖ್ಯೆ ಇಲ್ಲ, ಒತ್ತಿಗೂ ಇಲ್ಲ. ಬಾಯಲ್ಲಿ ಹೇಳುವ ಕ್ರಮವೇ ಇಲ್ಲಿಯ ಕ್ರಮ. ಅದನ್ನು ಹೇಗೆ ಬರೆಯಬೇಕು ಅನ್ನುವುದು ಫಾಂಟಿನ ತಲೆನೋವು. ಫಾಂಟ್ ಬದಲಾದರೆ ಮುಖ ಬದಲಾಗುತ್ತದೆ, ಮಾತು ಹಾಗೇ ಇರುತ್ತದೆ.

ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಅನ್ನುವ ಯೂನಿಕೋಡ್ ಕನ್ನಡ ಫಾಂಟ್ ಬಂತು. ಆಮೇಲೆ ವಿಂಡೋಸ್ 8ರ ಜೊತೆ ‘ನಿರ್ಮಲಾ ಯುಐ’. ಆಪಲ್‌ನವರದು ‘ಕನ್ನಡ ಸಂಗಮ್’. ಅಷ್ಟರಲ್ಲಿ ‘@ಫಾಂಟ್-ಫೇಸ್’ಗೂ ಮರುಜನ್ಮ ಸಿಕ್ಕಿತ್ತು: 2008ರಲ್ಲಿ ಸಫಾರಿ 3.1, 2009ರಲ್ಲಿ ಫೈರ್‌ಫಾಕ್ಸ್ 3.5. ವೆಬ್‌ಗೆಂದೇ ಫಾಂಟನ್ನು ಒತ್ತಿ ಚಿಕ್ಕದು ಮಾಡುವ ‘ವಾಫ್’ ರೂಪ 2012ರಲ್ಲಿ ಅಧಿಕೃತವಾಯಿತು. ಅದಕ್ಕಿಂತ ಸುಮಾರು ಶೇ 30ರಷ್ಟು ಹಗುರವಾದ ‘ವಾಫ್ 2’ 2018ರಲ್ಲಿ. ಈಗ ವಾಫ್ 2 ಒಂದೇ ಸಾಕು. ಹಳೆಯ ಪಾಠಗಳಲ್ಲಿ ಇರುವ ಐದು ಥರದ ಫೈಲುಗಳ ಪಟ್ಟಿಯನ್ನು ನೋಡಿ ಹೆದರಬೇಡಿ.

ಬರೆಯುವುದು ಎಷ್ಟು ಸುಲಭ ಅಂದರೆ, ಸ್ಟೈಲ್ ಶೀಟಿನಲ್ಲಿ (ಸಿಎಸ್‌ಎಸ್ ಬರೆಯುವ ಫೈಲಿನಲ್ಲಿ) ‘@ಫಾಂಟ್-ಫೇಸ್’ ಎಂದು ಬರೆದು ಪುಷ್ಪಾವರಣದೊಳಗೆ ಎರಡು ಮಾತು ಹೇಳುವುದು. ‘ಫಾಂಟ್-ಫ್ಯಾಮಿಲಿ’ಯಲ್ಲಿ ಒಂದು ಹೆಸರಿಡಿ. ಏನು ಬೇಕಾದರೂ ಇಡಬಹುದು, ‘ಅಜ್ಜಿ’ ಅಂತಲೂ. ‘ಎಸ್‌ಆರ್‌ಸಿ’ಯಲ್ಲಿ ಫೈಲು ಎಲ್ಲಿದೆ ಎಂದು ತೋರಿಸಿ. ಆಮೇಲೆ ‘ಬಾಡಿ’ಗೆ, ಅಂದರೆ ಪುಟದ ಮೈಗೆ, ನಿಯಮ ಬರೆಯುವಾಗ ‘ಅಜ್ಜಿ’ ಬಳಸು, ಅವಳು ಸಿಗದಿದ್ದರೆ ‘ನಿರ್ಮಲಾ’, ಅವಳೂ ಇಲ್ಲದಿದ್ದರೆ ‘ತುಂಗಾ’ ಎಂದು ಸಾಲಾಗಿ ಹೇಳಿ. ಫಾಂಟಿನ ಫೈಲು ಬೇರೆ ಡೊಮೇನಿನಲ್ಲಿ ಇದ್ದರೆ ಆ ಕಡೆಯ ಸರ್ವರ್ ‘ಬೇರೆಯವರೂ ಬಳಸಬಹುದು’ ಎಂದು ಒಪ್ಪಿಗೆ ಕೊಟ್ಟಿರಬೇಕು. ಇಲ್ಲವಾದರೆ ಬ್ರೌಸರ್ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತದೆ. ಚಿತ್ರಗಳಿಗೆ ಈ ಕಟ್ಟಳೆ ಇಲ್ಲ. ಅದಕ್ಕೇ ‘ಫೋಟೋ ಬಂತು, ಫಾಂಟ್ ಬರಲಿಲ್ಲ’ ಎಂದು ತಲೆ ಕೆರೆದುಕೊಳ್ಳುವವರು ಜಾಸ್ತಿ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಕನ್ನಡದ ಕಥೆ ಇಲ್ಲಿಂದ ಶುರು.

ನಮ್ಮೂರಿನ ಜಾತ್ರೆಯ ಬಗ್ಗೆ ಒಂದು ಸಣ್ಣ ಪುಟ ಮಾಡಿದ್ದೆ. ಚೆಂದದ ಕನ್ನಡ ಫಾಂಟ್ ಒಂದನ್ನು ಆರಿಸಿದೆ. ಫೈಲು ಸ್ವಲ್ಪ ದಪ್ಪ ಅನ್ನಿಸಿತು. ಫಾಂಟ್ ಕತ್ತರಿಸಿ ಚಿಕ್ಕದು ಮಾಡಿಕೊಡುವ ಆನ್‌ಲೈನ್ ಸಲಕರಣೆಯೊಂದಕ್ಕೆ ಅದನ್ನು ಕೊಟ್ಟು, ‘ಕನ್ನಡದ ಅಕ್ಷರ ಮಾತ್ರ ಉಳಿಸು’ ಎಂದೆ. ಫೈಲು ಅರ್ಧಕ್ಕಿಂತ ಚಿಕ್ಕದಾಯಿತು. ಖುಷಿಯಿಂದ ಅಮ್ಮನಿಗೆ ಕೊಂಡಿ ಕಳಿಸಿದೆ. ಅಮ್ಮ ಫೋನ್ ಮಾಡಿ, ‘ಎಲ್ಲಾ ಚೆನ್ನಾಗಿದೆ ಕಣೋ, ಒತ್ತು ಯಾಕೆ ಪಕ್ಕಕ್ಕೆ ಕೂತಿದೆ? ಒಂದನೇ ಕ್ಲಾಸಿನ ಹುಡುಗ ಬರೆದ ಹಾಗಿದೆ’ ಅಂದರು. ನೋಡಿದರೆ ‘ಅಮ್ಮ’ ಎಂದು ಬರೆದದ್ದು ‘ಅಮ್‌ಮ’ ಆಗಿತ್ತು. ‘ಹಬ್ಬ’ ಹೋಗಿ ‘ಹಬ್‌ಬ’.

ಆದದ್ದು ಇಷ್ಟು. ಫಾಂಟ್ ಫೈಲಿನಲ್ಲಿ ಅಕ್ಷರದ ಚಿತ್ರಗಳು ಒಂದು ಪಾಲು ಮಾತ್ರ. ಇನ್ನೊಂದು ಪಾಲು ನಿಯಮಗಳು. ‘ಕ’ದ ಪಕ್ಕ ಗುಡಿಸು ಬಂದರೆ ಎರಡನ್ನೂ ತೆಗೆದು ‘ಕಿ’ ಚಿತ್ರ ಇಡು. ವ್ಯಂಜನ, ಅರ್ಧಾಕ್ಷರದ ಗುರುತು, ಇನ್ನೊಂದು ವ್ಯಂಜನ ಬಂದರೆ ಎರಡನೆಯದನ್ನು ಒತ್ತು ಮಾಡಿ ಕೆಳಗೆ ಇಳಿಸು. ಮೊದಲು ಬಂದದ್ದು ‘ರ್’ ಆದರೆ ಅದನ್ನು ಅರ್ಕಾವತ್ತು ಮಾಡಿ ಅಕ್ಷರ ಮುಗಿದ ಮೇಲೆ ಕೂರಿಸು. ಹೀಗೆ ಪುಟಗಟ್ಟಲೆ. ಬ್ರೌಸರಿನೊಳಗೆ ಈ ನಿಯಮ ಓದಿ ಅಕ್ಷರ ಹೊಂದಿಸುವ ಒಂದು ಯಂತ್ರ ಇರುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಅದರ ಹೆಸರು ಹಾರ್ಫ್‌ಬಜ್. ನನ್ನ ಸಲಕರಣೆ 128 ಜಾಗಕ್ಕೆ ಸೇರಿದ ಚಿತ್ರ ಉಳಿಸಿ, ಸಂಖ್ಯೆ ಇಲ್ಲದ ಒತ್ತುಗಳನ್ನೂ ನಿಯಮಗಳನ್ನೂ ಕಸಕ್ಕೆ ಹಾಕಿತ್ತು. ಇಂಗ್ಲಿಷಿನ ಫಾಂಟಿಗಾದರೆ ಇಷ್ಟು ಕತ್ತರಿಸಿದರೂ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ.

ಕನ್ನಡ ಫಾಂಟ್ ಯಾಕೆ ಭಾರ ಅನ್ನುವುದಕ್ಕೂ ಇದೇ ಉತ್ತರ. ಸಂಖ್ಯೆ ನೂರಿಪ್ಪತ್ತೆಂಟೇ ಇರಬಹುದು, ಚಿತ್ರಗಳು ನೂರಾರು. ಪ್ರತಿ ವ್ಯಂಜನಕ್ಕೂ ಒಂದು ಒತ್ತು, ಒಂದು ಗುಡಿಸಿನ ರೂಪ, ತಲೆಕಟ್ಟಿಲ್ಲದ ರೂಪ. ಹಾಗಾಗಿ ಕನ್ನಡದ ಪುಟಕ್ಕೆ ಒಂದೇ ಫಾಂಟ್, ಜಾಸ್ತಿ ಅಂದರೆ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ. ತಲೆಬರಹಕ್ಕೊಂದು, ಮೈಗೊಂದು, ಬಟನ್ನಿಗೊಂದು ಎಂದು ಮದುವೆ ಕಾಗದದ ಹಾಗೆ ತುಂಬಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಓದುವವರು ಕಾಯುತ್ತಾ ಕೂರಬೇಕು.

ಭಾರ ಇಳಿಸಲು ಸರಿಯಾದ ದಾರಿಯೂ ಇದೆ: ‘ಯೂನಿಕೋಡ್-ರೇಂಜ್’. ಈ ಫೈಲು ಇಂತಿಂಥ ಸಂಖ್ಯೆಗಳಿಗೆ ಮಾತ್ರ ಎಂದು ಬರೆದಿಟ್ಟರೆ, ಆ ಅಕ್ಷರ ಪುಟದಲ್ಲಿ ಇದ್ದಾಗ ಮಾತ್ರ ಬ್ರೌಸರ್ ಅದನ್ನು ತರಿಸಿಕೊಳ್ಳುತ್ತದೆ. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಬೇರೆ ಫಾಂಟ್ ಇಡುವುದಕ್ಕೂ ಇದೇ ಉಪಾಯ. ಆದರೆ 3200ರಿಂದ 3327 ಎಂದಷ್ಟೇ ಬರೆದು ಕೈ ತೊಳೆದುಕೊಂಡರೆ ಕೆಟ್ಟಿರಿ. ರೂಪಾಯಿ ಚಿಹ್ನೆ ಇರುವುದು 8377ರಲ್ಲಿ. ಹಳೆಯ ಪದ್ಯಗಳ ಕೊನೆಯ ದಂಡ ದೇವನಾಗರಿಯ ಕೇರಿಯಲ್ಲಿ, 2404ರಲ್ಲಿ. ಇವುಗಳ ಜೊತೆಗೆ ಕಣ್ಣಿಗೇ ಕಾಣದ ಇಬ್ಬರಿದ್ದಾರೆ, 8204 ಮತ್ತು 8205.

8204ರ ಕೆಲಸ ಬಿಡಿಸುವುದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಆದ ಮೇಲೆ ಅದು ಕೂತಿರುತ್ತದೆ. ಅದಿಲ್ಲದಿದ್ದರೆ ‘ವೇ’ ಒತ್ತಾಗಿ ಕೆಳಗೆ ಬಿದ್ದು ‘ಸಾಫ್ಟ್ವೇರ್’ ಆಗುತ್ತದೆ. 8205 ಇನ್ನೂ ಸೂಕ್ಷ್ಮ. ‘ರ‍್ಯಾಲಿ’ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ‘ರ’ ಮೇಲೆ, ‘ಯ’ ಒತ್ತು ಕೆಳಗೆ? ಅದನ್ನು ಹಾಗೆ ನಿಲ್ಲಿಸಿರುವುದು ‘ರ’ದ ಪಕ್ಕ ಅಡಗಿರುವ 8205. ಅದನ್ನು ತೆಗೆದರೆ ‘ರ್ಯಾಲಿ’, ಅರ್ಕಾವತ್ತು ಬಂದುಬಿಡುತ್ತದೆ. ಈ ಇಬ್ಬರನ್ನು ಪಟ್ಟಿಯಿಂದ ಬಿಟ್ಟರೆ ಕೆಲವು ಕಡೆ ಪದವೇ ಅಲ್ಲಿಗೆ ತುಂಡಾಗಿ ಅರ್ಧ ಒಂದು ಫಾಂಟಿನಲ್ಲಿ, ಅರ್ಧ ಇನ್ನೊಂದರಲ್ಲಿ ಕಾಣಬಹುದು. ಗೂಗಲ್ ಫಾಂಟ್ಸ್ ತನ್ನ ಕನ್ನಡ ಪಟ್ಟಿಯಲ್ಲಿ ಎರಡನ್ನೂ ಸೇರಿಸಿಯೇ ಕೊಡುತ್ತದೆ.

ಗೂಗಲ್ ಅಂದಾಗ ನೆನಪಾಯಿತು. ನೋಟೋ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಅನೇಕ್ ಕನ್ನಡ, ಹೀಗೆ ಒಳ್ಳೆಯ ಫಾಂಟುಗಳು ಅಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಅವರ ಸರ್ವರಿನಿಂದಲೇ ಎಳೆದುಕೊಂಡರೆ, ಬೇರೆ ತಾಣದಲ್ಲಿ ಆಗಲೇ ಇಳಿದ ಫೈಲು ನಮ್ಮ ಪುಟಕ್ಕೂ ಒದಗುತ್ತದೆ ಅನ್ನುವ ಮಾತಿತ್ತು. ಅದು ಹಳೆಯ ಮಾತು. 2020ರ ಕೊನೆಯಿಂದ ಕ್ರೋಮ್ ಕೂಡ ಒಂದೊಂದು ತಾಣದ ಕ್ಯಾಶ್ (ಒಮ್ಮೆ ಇಳಿಸಿದ ಫೈಲುಗಳ ದಾಸ್ತಾನು) ಬೇರೆ ಬೇರೆ ಇಡುತ್ತದೆ. ಇನ್ನೊಂದು ಕಡೆ, ಓದುಗರ ಐಪಿ ವಿಳಾಸ (ನೆಟ್ಟಿನಲ್ಲಿ ಅವರ ಸಂಪರ್ಕದ ಸಂಖ್ಯೆ) ಅವರ ಒಪ್ಪಿಗೆ ಇಲ್ಲದೆ ಗೂಗಲ್‌ಗೆ ಹೋಯಿತು ಎಂದು 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ತಾಣವೊಂದರ ಮಾಲೀಕರು ಆ ಓದುಗರಿಗೆ 100 ಯೂರೋ ಪರಿಹಾರ ಕೊಡಬೇಕೆಂದು ಹೇಳಿತು. ನಾನಂತೂ ಫೈಲನ್ನು ಇಳಿಸಿಕೊಂಡು ನನ್ನ ತಾಣದಲ್ಲೇ ಇಡುತ್ತೇನೆ. ಪರವಾನಗಿಯೂ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಫಾಂಟ್ ಬರುವ ತನಕ ಓದುಗರಿಗೆ ಏನು ಕಾಣಬೇಕು? ಸುಮ್ನೆ ಬಿಟ್ಟರೆ ಬಹುತೇಕ ಬ್ರೌಸರುಗಳು ಸುಮಾರು 3 ಸೆಕೆಂಡು ಖಾಲಿ ಜಾಗ ತೋರಿಸಿ ಕಾಯುತ್ತವೆ. ‘ಫಾಂಟ್-ಡಿಸ್‌ಪ್ಲೇ’ಗೆ ‘ಸ್ವ್ಯಾಪ್’ ಎಂದು ಕೊಟ್ಟರೆ ಮೊದಲು ಫೋನಿನಲ್ಲೇ ಇರುವ ಕನ್ನಡ ಕಾಣುತ್ತದೆ, ನಿಮ್ಮದು ಬಂದ ಮೇಲೆ ಬದಲಾಗುತ್ತದೆ. ಬದಲಾಗುವಾಗ ಸಾಲುಗಳು ಒಮ್ಮೆ ಜಿಗಿಯುತ್ತವೆ, ಯಾಕಂದರೆ ಎರಡು ಕನ್ನಡ ಫಾಂಟುಗಳ ಅಗಲ ಒಂದೇ ಇರುವುದು ಅಪರೂಪ. ಜಿಗಿದರೂ ಪರವಾಗಿಲ್ಲ, ಖಾಲಿ ಪುಟಕ್ಕಿಂತ ಮೇಲು.

ಬೋಲ್ಡ್ ಬಗ್ಗೆ ಒಂದು ಮಾತು. ಫಾಂಟಿನ ದಪ್ಪ ರೂಪವನ್ನು ನೀವು ಕೊಡದಿದ್ದರೆ ಬ್ರೌಸರ್ ತಾನೇ ಗೆರೆಗೆ ಮಸಿ ಬಳಿದು ದಪ್ಪ ಮಾಡುತ್ತದೆ. ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ. ‘ಣ’, ‘ಖ’, ‘ಜ’ ಇವುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಇಟಾಲಿಕ್ ಕೊಟ್ಟರಂತೂ ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಆ ರೂಪವೇ ಇಲ್ಲದ್ದರಿಂದ ಅಕ್ಷರವನ್ನು ಸುಮ್ಮನೆ ಪಕ್ಕಕ್ಕೆ ವಾಲಿಸುತ್ತದೆ. ‘ಫಾಂಟ್-ಸಿಂಥೆಸಿಸ್: ನನ್’ ಎಂದು ಬರೆದು ಈ ಕಾರುಬಾರು ನಿಲ್ಲಿಸಬಹುದು. ಸಾಲಿನ ಎತ್ತರವನ್ನೂ ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಇದ್ದ ಹಾಗೆ ಬಿಡಬೇಡಿ. ಒತ್ತು ನೇತಾಡಲು ಜಾಗ ಬೇಕಲ್ವಾ? ಅಕ್ಷರದ ಅಳತೆಯ 1.6 ಪಟ್ಟಿಗಿಂತ ಕಡಿಮೆ ನಾನು ಇಡುವುದಿಲ್ಲ.

ಜಾತ್ರೆಯ ಪುಟಕ್ಕೆ ಪೂರ್ತಿ ಫಾಂಟ್ ಹಾಕಿದ ಮೇಲೆ ಒಂದು ಸಾಲು ಟೈಪು ಮಾಡಿ ನೋಡಿದೆ: ‘ಸ್ತ್ರೀ, ರಾಷ್ಟ್ರೀಯ, ವೈಶಿಷ್ಟ್ಯ, ಕರ್ನಾಟಕ, ಕೃಷ್ಣ, ಸಾಫ್ಟ್‌ವೇರ್, ರ‍್ಯಾಲಿ, ₹500’. ಎಲ್ಲ ನೆಟ್ಟಗೆ ಕೂತಿತು. ಆಮೇಲೆ ಸ್ಟೈಲ್ ಶೀಟಿನಲ್ಲಿ ಫೈಲಿನ ಹೆಸರನ್ನು ಬೇಕೆಂದೇ ತಪ್ಪು ಬರೆದು ಇನ್ನೊಮ್ಮೆ ತೆರೆದೆ. ಅಂದ ಸ್ವಲ್ಪ ಕಡಿಮೆಯಾಯಿತು, ನಿರ್ಮಲಾ ಬಂದು ಕೂತಳು. ಸಾಲು ಮಾತ್ರ ಹಾಗೇ ಓದಿಸಿಕೊಂಡಿತು. ‘ಕರ್ನಾಟಕ’ ಎಂದು ಹುಡುಕಿದೆ, ಸಿಕ್ಕಿತು.