ಬಾಲಸಖಿಯ ಎರಡು ಗಂಟೆ: ಶಾಲಾ ಸುಧಾರಣೆಯನ್ನು ಅಳೆದು ನೋಡುವ ಬಗೆ

ಜೂನ್ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಉಚಿತ ಪುಸ್ತಕ ವಿತರಣೆ ಶುರುವಾಗುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಒಂದು ತಲೆಮಾರು ತನ್ನ ನಂತರದವರಿಗಾಗಿ ಉಳಿಸಿಕೊಂಡು ಬಂದ ಕೆಲಸ ಇದು. ಹಾಗಾಗಿಯೇ ಇದರ ಬಗ್ಗೆ ಒಂದು ಪ್ರಶ್ನೆಯನ್ನು ಗೌರವದಿಂದ ಕೇಳಬೇಕಾಗಿದೆ. ಆ ನೋಟ್‌ಬುಕ್ಕಿನಿಂದ ಮಗುವಿನ ಓದು ಎಷ್ಟು ಮುಂದಕ್ಕೆ ಹೋಯಿತು?

ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಇಂಥದ್ದೇ ಪ್ರಶ್ನೆಯನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆದಿತ್ತು. ಕೆಲವು ಶಾಲೆಗಳಿಗೆ ಹೆಚ್ಚುವರಿ ಅನುದಾನ ಸಿಕ್ಕಿತು, ಅದರ ದೊಡ್ಡ ಪಾಲು ನೋಟ್‌ಬುಕ್, ಪೆನ್ಸಿಲ್, ಅಭ್ಯಾಸ ಪುಸ್ತಕಗಳಿಗೆ ಹೋಯಿತು. ಮೊದಲ ವರ್ಷ ಮಕ್ಕಳ ಅಂಕ ಸ್ವಲ್ಪ ಏರಿತು. ಎರಡನೇ ವರ್ಷ ಏರಲಿಲ್ಲ. ಶಾಲೆಯೇ ಕೊಡುತ್ತದೆ ಎಂದು ಗೊತ್ತಾದ ಮೇಲೆ ಅಪ್ಪ ಅಮ್ಮ ತಾವು ನೋಟ್‌ಬುಕ್ಕಿಗೆ ಹಾಕುತ್ತಿದ್ದ ದುಡ್ಡನ್ನು ಮನೆಯ ಬೇರೆ ಖರ್ಚಿಗೆ ತಿರುಗಿಸಿದ್ದರು. ಬಡ ಮನೆಗೆ ಅದರಿಂದ ಅನುಕೂಲವಾಯಿತು, ಅದೂ ಸಣ್ಣ ಮಾತಲ್ಲ. ಆದರೆ ಕಲಿಕೆ ಇದ್ದಲ್ಲೇ ಉಳಿಯಿತು. ಕೆನ್ಯಾದಲ್ಲಿ ಪಠ್ಯಪುಸ್ತಕ ಹಂಚಿದಾಗ ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗಷ್ಟೇ ಪ್ರಯೋಜನವಾಯಿತು. ಆ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹುಪಾಲು ಮಕ್ಕಳಿಗೆ ಅದು ಮೂರನೇ ಭಾಷೆ.

ಈ ಬಗೆಯ ಸಂಶೋಧನೆಯಲ್ಲಿ ಜಗತ್ತಿನಾದ್ಯಂತ ಹೆಚ್ಚು ಉಲ್ಲೇಖವಾಗುವ ಒಂದು ಪ್ರಯೋಗ ಮುಂಬಯಿಯಲ್ಲೇ ನಡೆದಿದೆ, ಎಲ್ ವಾರ್ಡಿನ ಮಹಾನಗರಪಾಲಿಕೆ ಶಾಲೆಗಳಲ್ಲಿ. ಎಲ್ ವಾರ್ಡ್ ಎಂದರೆ ಕುರ್ಲಾ, ಸಾಕಿನಾಕಾ, ಚಾಂದಿವಲಿ. ಇಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡುಫ್ಲೊ, ಲೀ ಲಿಂಡೆನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು 2001ರಿಂದ ಅದನ್ನು ಅಳೆದು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರಲ್ಲಿ ಬ್ಯಾನರ್ಜಿ ಮತ್ತು ಡುಫ್ಲೊ, ಮೈಕಲ್ ಕ್ರೆಮರ್ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕೆನ್ಯಾದ ಪಠ್ಯಪುಸ್ತಕ ಅಧ್ಯಯನ ಮಾಡಿದವರಲ್ಲಿ ಕ್ರೆಮರ್ ಒಬ್ಬರು.

ಬಾಲಸಖಿ ಎಂದರೆ ಅದೇ ವಸತಿಯಲ್ಲಿ ಬೆಳೆದ, ಹೈಸ್ಕೂಲು ಮುಗಿಸಿದ ಯುವತಿ. ವರ್ಷದ ಆರಂಭದಲ್ಲಿ ಎರಡು ವಾರದ ತರಬೇತಿ, ಆಮೇಲೆ ಆಗಾಗ ಮಾರ್ಗದರ್ಶನ. ಆಗ ತಿಂಗಳಿಗೆ 500ರಿಂದ 750 ರೂಪಾಯಿ ಗೌರವಧನ. ಮೂರು ಅಥವಾ ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲಾಗದ, ಒಂದಂಕಿಯ ಕೂಡಿಸುವ ಲೆಕ್ಕ ಬಾರದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ಒಂದು ಮತ್ತು ಎರಡನೇ ತರಗತಿಯ ಪಾಠ ಹೇಳಿಕೊಡುವುದು ಅವಳ ಕೆಲಸ. ಶಾಲೆಯ ಹೊತ್ತೇ ಸುಮಾರು ನಾಲ್ಕು ಗಂಟೆ, ಅದರಲ್ಲಿ ಅರ್ಧ ಅವಳದು. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ವರಾಂಡಾ ಸಾಕು. ಒಂದು ಮಗುವಿಗೆ ವರ್ಷಕ್ಕೆ ಎರಡೂಕಾಲು ಡಾಲರ್ ಖರ್ಚಾಗುತ್ತಿತ್ತು.

ಇದರಿಂದ ಫಲ ಸಿಕ್ಕಿತೇ ಎಂದು ತಿಳಿಯುವುದು ಮೇಲ್ನೋಟಕ್ಕೆ ಸುಲಭ ಅನ್ನಿಸುತ್ತದೆ: ಜೂನ್‌ನಲ್ಲಿ ಒಂದು ಪರೀಕ್ಷೆ, ಮಾರ್ಚ್‌ನಲ್ಲಿ ಇನ್ನೊಂದು, ವ್ಯತ್ಯಾಸ ನೋಡಿದರಾಯಿತು. ಅತ್ಯಂತ ಸಾಮಾನ್ಯವಾದ ತಪ್ಪು ಇದೇ. ಮೊದಲನೆಯದಾಗಿ, ಒಂಬತ್ತು ತಿಂಗಳಲ್ಲಿ ಮಗು ಏನೂ ವಿಶೇಷ ಮಾಡದಿದ್ದರೂ ಒಂದಷ್ಟು ಕಲಿತೇ ಕಲಿಯುತ್ತದೆ. ಎರಡನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಜೂನ್ ಪರೀಕ್ಷೆಯಲ್ಲಿ ತೀರಾ ಕೆಳಗಿರುವ 20 ಮಕ್ಕಳನ್ನು ಆರಿಸಿದಿರಿ ಎನ್ನಿ. ಅವರಲ್ಲಿ ನಿಜವಾಗಿ ಹಿಂದುಳಿದವರು ಇರುತ್ತಾರೆ. ಆ ದಿನ ಜ್ವರವಿದ್ದವರು, ಚಾಳಿನ ಮದುವೆಯ ಗದ್ದಲಕ್ಕೆ ನಿದ್ದೆಗೆಟ್ಟವರು, ಪ್ರಶ್ನೆ ಕೇಳಿಸದೆ ಸುಮ್ಮನಿದ್ದವರೂ ಇರುತ್ತಾರೆ. ಈ ಎರಡನೇ ಬಗೆಯವರು ಮುಂದಿನ ಪರೀಕ್ಷೆಯಲ್ಲಿ ಯಾರೂ ಕಲಿಸದೆಯೇ ಮೇಲಕ್ಕೆ ಬರುತ್ತಾರೆ, ಹೆಸರು ಮಾತ್ರ ಕಾರ್ಯಕ್ರಮಕ್ಕೆ ಬರುತ್ತದೆ. ಸಂಖ್ಯಾಶಾಸ್ತ್ರದವರು ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಹಿಂದುಳಿದವರನ್ನೇ ಆರಿಸಿಕೊಳ್ಳುವ ಪ್ರತಿ ಯೋಜನೆಯಲ್ಲೂ ಇದು ಬಂದು ಕೂರುತ್ತದೆ.

ಹೀಗಾಗಿ ಹೋಲಿಸುವುದಕ್ಕೆ ಇನ್ನೊಂದು ಗುಂಪು ಬೇಕು. ಆ ಗುಂಪನ್ನು ನಾವೇ ಕೈಯಾರೆ ಆರಿಸಬಾರದು, ಚೀಟಿ ಎತ್ತಬೇಕು. ಮುಖ್ಯೋಪಾಧ್ಯಾಯರು ಉತ್ಸಾಹದಿಂದ ಮುಂದೆ ಬಂದ ಶಾಲೆಗಳಿಗೇ ಬಾಲಸಖಿಯನ್ನು ಕೊಟ್ಟರೆ, ಫಲ ಯಾರಿಂದ ಬಂತು, ಬಾಲಸಖಿಯಿಂದಲೋ ಆ ಮುಖ್ಯೋಪಾಧ್ಯಾಯರಿಂದಲೋ, ಎಂದು ಬಿಡಿಸಿ ಹೇಳಲಾಗದು. ಆದರೆ ಕೆಲವು ಬಡ ಮಕ್ಕಳಿಗೆ ಕೊಟ್ಟು ಕೆಲವರಿಗೆ ತಪ್ಪಿಸುವುದು ನ್ಯಾಯವೇ? ಮುಂಬಯಿ ಪ್ರಯೋಗ ಇದಕ್ಕೆ ಕಂಡುಕೊಂಡ ದಾರಿ ಚೆನ್ನಾಗಿದೆ. 2002–03ರಲ್ಲಿ 77 ಶಾಲೆಗಳಿದ್ದವು. ಚೀಟಿಯ ಪ್ರಕಾರ ಅರ್ಧ ಶಾಲೆಗಳಲ್ಲಿ ಬಾಲಸಖಿ ಮೂರನೇ ತರಗತಿಗೆ, ಉಳಿದರ್ಧದಲ್ಲಿ ನಾಲ್ಕನೇ ತರಗತಿಗೆ. ಯಾವ ಶಾಲೆಯೂ ಯೋಜನೆಯಿಂದ ಹೊರಗುಳಿಯಲಿಲ್ಲ, ಆದರೂ ಬಾಲಸಖಿ ಇದ್ದ ಮೂರನೇ ತರಗತಿಗೆ ಹೋಲಿಸಲು ಬಾಲಸಖಿ ಇಲ್ಲದ ಮೂರನೇ ತರಗತಿ ಸಿಕ್ಕಿತು. ನಾಲ್ಕನೆಯದಕ್ಕೂ ಹಾಗೆಯೇ.

ಚೀಟಿ ಎತ್ತಿದ್ದು ಶಾಲೆಗಳ ಹೆಸರಲ್ಲಿ, ಮಕ್ಕಳ ಹೆಸರಲ್ಲಲ್ಲ. ಇದರ ಬೆಲೆ ಏನೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. 20 ಶಾಲೆ, ಶಾಲೆಗೆ 30ರಂತೆ 600 ಮಕ್ಕಳು ಎಂದಿಟ್ಟುಕೊಳ್ಳಿ. ಒಂದೇ ಶಾಲೆಯ ಮಕ್ಕಳು ಒಂದೇ ಟೀಚರು, ಒಂದೇ ವಸತಿಯವರಾದ್ದರಿಂದ ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ. ಅಂಕಗಳ ಒಟ್ಟು ಏರಿಳಿತದಲ್ಲಿ 20 ಶೇಕಡಾ ಶಾಲೆ-ಶಾಲೆಗಳ ನಡುವಿನದಾದರೆ, ಶಾಲೆಯ 30 ಮಕ್ಕಳಲ್ಲಿ ಒಂದನ್ನು ಕಳೆದ 29ನ್ನು 0.2ರಿಂದ ಗುಣಿಸಿ 1 ಕೂಡಿಸಬೇಕು: 6.8. ಆ 600ನ್ನು 6.8ರಿಂದ ಭಾಗಿಸಿದರೆ ಉಳಿಯುವುದು 88. ಅಂದರೆ 600 ಮಕ್ಕಳನ್ನು ಪರೀಕ್ಷಿಸಿದರೂ ಸಿಗುವ ಮಾಹಿತಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ 88 ಮಕ್ಕಳಿಂದ ಸಿಗುವಷ್ಟೇ. ಎರಡು ಶಾಲೆಗಳನ್ನು ಅಕ್ಕಪಕ್ಕ ಇಟ್ಟು 'ಇಲ್ಲಿ ಯಶಸ್ಸು, ಅಲ್ಲಿ ಸೋಲು' ಎಂದು ಹೇಳುವ ವರದಿಗಳನ್ನು ನಂಬಬಾರದು ಎನ್ನುವುದಕ್ಕೆ ಈ ಲೆಕ್ಕವೇ ಕಾರಣ.

ಇನ್ನು ಫಲಿತಾಂಶ. ಬಾಲಸಖಿ ಸಿಕ್ಕ ತರಗತಿಗಳ ಸರಾಸರಿ ಮೊದಲ ವರ್ಷ 0.14, ಎರಡನೇ ವರ್ಷ 0.28 ಮಾನಕ ವಿಚಲನೆಯಷ್ಟು ಏರಿತು. ಮಾನಕ ವಿಚಲನೆ ಎಂದರೆ ಮಕ್ಕಳ ಅಂಕಗಳು ಸರಾಸರಿಯ ಆಚೆ ಈಚೆ ಎಷ್ಟು ಹರಡಿವೆ ಎಂಬುದರ ಅಳತೆ. 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ 50ನೇ ಜಾಗದಲ್ಲಿದ್ದ ಮಗು 61ನೇ ಜಾಗಕ್ಕೆ ಬಂದರೆ ಅದು ಹೆಚ್ಚುಕಡಿಮೆ 0.28. ಈ ಸರಾಸರಿಯಲ್ಲಿ ಬಾಲಸಖಿಯ ಬಳಿಗೆ ಹೋಗದ ಮಕ್ಕಳೂ ಸೇರಿದ್ದಾರೆ. ಹೋದವರನ್ನಷ್ಟೇ ಬೇರ್ಪಡಿಸಿ ಅಂದಾಜು ಮಾಡಿದಾಗ ಅವರ ಏರಿಕೆ ಸುಮಾರು 0.6, ಅಂದರೆ 50ರಿಂದ 73ನೇ ಜಾಗಕ್ಕೆ.

ತರಗತಿಯಲ್ಲೇ ಉಳಿದ ಮಕ್ಕಳ ಲೆಕ್ಕ ಇನ್ನೂ ಮುಖ್ಯ. ಅವರಿಗೆ ದಿನಕ್ಕೆ ಎರಡು ಗಂಟೆ ಕಡಿಮೆ ಮಕ್ಕಳಿರುವ ತರಗತಿ ಸಿಕ್ಕಿತ್ತು, ತರಬೇತಾದ ಕಾಯಂ ಟೀಚರು ಇದ್ದರು, ಪಾಠಕ್ಕೆ ತಡೆಯಾಗುತ್ತಾರೆ ಎನ್ನಲಾಗುವ ಮಕ್ಕಳು ಹೊರಗಿದ್ದರು. ಆದರೂ ಅವರಲ್ಲಿ ಕಣ್ಣಿಗೆ ಕಾಣುವ ಏರಿಕೆಯೇ ಇಲ್ಲ. ತರಗತಿಯ ಮಕ್ಕಳ ಸಂಖ್ಯೆ ಇಳಿಸಿದರೆ ಕಲಿಕೆ ತಾನಾಗಿ ಏರುತ್ತದೆ ಎಂಬ ನಂಬಿಕೆಗೆ ಇದು ಗಟ್ಟಿಯಾದ ಪೆಟ್ಟು. ಮಗು ನಿಂತಿರುವ ಹಂತದಿಂದಲೇ ಪಾಠ ಶುರುವಾದದ್ದು ಫಲ ಕೊಟ್ಟಿತು ಎಂದು ಈ ಸಂಶೋಧನೆಯನ್ನು ಓದುವುದು ಸರಿ ಎಂದು ನಮ್ಮ ಅಭಿಪ್ರಾಯ.

ಪ್ರಯೋಗದಲ್ಲಿ ಕೊರತೆಗಳೂ ಇದ್ದವು. ಎರಡನೇ ವರ್ಷ ಮುಂಬಯಿಯಲ್ಲಿ ಚೀಟಿಯ ಪ್ರಕಾರ ಬಾಲಸಖಿ ಬರಬೇಕಿದ್ದ ಶಾಲೆಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿಗಷ್ಟೇ ಬಾಲಸಖಿ ಸಿಕ್ಕಳು. ಸಿಗದ ಶಾಲೆಗಳನ್ನು ಲೆಕ್ಕದಿಂದ ತೆಗೆದುಹಾಕುವ ಆಸೆ ಯಾರಿಗಾದರೂ ಬರುತ್ತದೆ. ತೆಗೆದರೆ ಚೀಟಿ ಎತ್ತಿದ್ದೇ ವ್ಯರ್ಥ, ಏಕೆಂದರೆ ಬಾಲಸಖಿಯನ್ನು ಹುಡುಕಿಕೊಳ್ಳಲಾಗದ ಶಾಲೆಗಳು ಉಳಿದವುಗಳಂತೆ ಇರಲಾರವು. ಹಾಗಾಗಿ ಅವುಗಳನ್ನೂ 'ಬಾಲಸಖಿ ಶಾಲೆ' ಎಂದೇ ಲೆಕ್ಕಕ್ಕೆ ಹಿಡಿದರು. ಕಾರ್ಯಕ್ರಮ ನಿಂತ ಒಂದು ವರ್ಷದ ಬಳಿಕ ಮತ್ತೆ ಅಳೆದಾಗ ಏರಿಕೆ ಸುಮಾರು 0.10ಕ್ಕೆ ಇಳಿದಿತ್ತು. ಕೈ ಹಿಡಿದು ಮೇಲೆ ತಂದ ಮಗುವನ್ನು ಮತ್ತೆ ಅದೇ ಪಠ್ಯಕ್ರಮದ ಓಟಕ್ಕೆ ಬಿಟ್ಟರೆ ಹೀಗಾಗುತ್ತದೆ. ಇದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ವಡೋದರಾದ ಮಕ್ಕಳು ವಾರಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟ ಆಡಿದರು, ಗಣಿತದಲ್ಲಿ 0.47 ಏರಿತು. ಆದರೆ ಖರ್ಚು ಬಾಲಸಖಿಯದಕ್ಕಿಂತ ಹಲವು ಪಟ್ಟು.

ಮುಂದೆ ಇದೇ ಬೇರಿನಿಂದ 'ಮಗುವಿನ ಹಂತಕ್ಕೆ ತಕ್ಕ ಪಾಠ' ಎಂಬ ಕ್ರಮ ಬೆಳೆಯಿತು. ಬಿಹಾರದಲ್ಲಿ ಸರ್ಕಾರಿ ಶಿಕ್ಷಕರು ಬೇಸಿಗೆ ಶಿಬಿರದಲ್ಲಿ ಈ ಕ್ರಮದಿಂದ ಚೆನ್ನಾಗಿ ಕಲಿಸಿದರು, ಶಾಲೆ ಶುರುವಾದ ಮೇಲೆ ತರಬೇತಿ ಮತ್ತು ಸಾಮಗ್ರಿ ಕೊಟ್ಟರೂ ಫಲ ಕಾಣಲಿಲ್ಲ. ಶಿಕ್ಷಕರಿಗೆ ಕಲಿಸಲು ಬರುತ್ತಿತ್ತು, ಪಠ್ಯ ಮುಗಿಸುವ ಒತ್ತಡ ಬಿಡಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕಾಗಿಯೇ ಮೀಸಲಿಟ್ಟು ಮಕ್ಕಳನ್ನು ಹಂತದ ಪ್ರಕಾರ ಕೂರಿಸಿದಾಗ ಹಿಂದಿ ಓದು 0.15 ಮಾನಕ ವಿಚಲನೆಯಷ್ಟು ಏರಿತು. ಉತ್ತರಪ್ರದೇಶದಲ್ಲಿ 10ರಿಂದ 20 ದಿನಗಳ ಕಂತುಗಳಲ್ಲಿ, ಒಟ್ಟು 50 ದಿನಗಳ ಶಿಬಿರ ನಡೆಸಿದಾಗ 0.6ರಿಂದ 0.7ರವರೆಗೆ ಹೋಯಿತು.

ಕನ್ನಡ ಹೇಳಿಕೊಡುವ ಸಂಘ, ಟ್ಯೂಷನ್ ವರ್ಗಗಳಿಗೆ ಇದರಿಂದ ತೆಗೆದುಕೊಳ್ಳುವಂಥದ್ದು ಬಹಳ ಇದೆ. ಮೊದಲ ಅಳತೆಗೆ ಒಂದು ಹಾಳೆ ಸಾಕು: 10 ಬಿಡಿ ಅಕ್ಷರ, 10 ಸರಳ ಪದ, ನಾಲ್ಕು ವಾಕ್ಯದ ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ. ಒಬ್ಬೊಬ್ಬ ಮಗುವನ್ನೇ ಪಕ್ಕಕ್ಕೆ ಕರೆದು ಓದಿಸಬೇಕು. ಶುರು ಪ್ಯಾರಾದಿಂದ. ಪದ ಪದಕ್ಕೂ ತಡವರಿಸಿದರೆ ಅಥವಾ ಮೂರಕ್ಕಿಂತ ಹೆಚ್ಚು ತಪ್ಪಾದರೆ ಪದಗಳಿಗೆ ಇಳಿಯಿರಿ, ಸಲೀಸಾಗಿ ಓದಿದರೆ ಕಥೆಗೆ ಹೋಗಿ. ಪದದಲ್ಲೂ ಅಕ್ಷರದಲ್ಲೂ ಐದು ಓದಿಸಿ ನಾಲ್ಕು ಸರಿಯಾದರೆ ಆ ಹಂತ ದಾಟಿದ ಹಾಗೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ, 2005ರಿಂದ ನಡೆದುಬಂದಿರುವ 'ಅಸರ್' ಸಮೀಕ್ಷೆಯ ಕ್ರಮ ಇದೇ, ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಕನ್ನಡಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ವರ್ಣಮಾಲೆ ಬಂದ ಮಗುವಿಗೆ ಓದು ಬಂತು ಎಂದು ಲೆಕ್ಕ ಹಾಕಬಾರದು. ಕಾಗುಣಿತವೂ ಒತ್ತಕ್ಷರವೂ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು, ಅವು ಕೈವಶವಾಗಲು ಮೊದಲೆರಡು ತರಗತಿ ಸಾಲದು ಎಂದು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಮನೆಯಲ್ಲಿ ತುಳು, ಓಣಿಯಲ್ಲಿ ಹಿಂದಿ, ಆಟದ ಬಯಲಲ್ಲಿ ಮರಾಠಿ ಆಡುವ ಮಗು 'ಮನೆ', 'ಸರ' ಓದಿ 'ಅಕ್ಕ', 'ಪುಸ್ತಕ'ದಲ್ಲಿ ನಿಂತುಬಿಟ್ಟರೆ, ಒತ್ತಕ್ಷರವಿಲ್ಲದ ಪದಗಳಿಗೂ ಇರುವ ಪದಗಳಿಗೂ ಬೇರೆ ಬೇರೆ ಪಟ್ಟಿ ಇಟ್ಟಿದ್ದರಷ್ಟೇ ಅದು ಗೊತ್ತಾಗುವುದು.

ಗುಂಪು ಮಾಡುವಾಗ ವಯಸ್ಸು, ತರಗತಿ ನೋಡಬೇಡಿ, ಹಂತ ನೋಡಿ. ಐದನೇ ತರಗತಿಯ ಹುಡುಗ ಅಕ್ಷರದ ಗುಂಪಿನಲ್ಲಿ ಕೂರಲು ನಾಚಿದರೆ ಗುಂಪಿಗೆ ಹೂವಿನದೋ ಹಕ್ಕಿಯದೋ ಹೆಸರಿಡಿ. ಕೆಲವು ವಾರಕ್ಕೊಮ್ಮೆ ಮತ್ತೆ ಓದಿಸಿ, ದಾಟಿದವರನ್ನು ಮೇಲಿನ ಗುಂಪಿಗೆ ಕಳಿಸಿ. ಹಾಗೆ ಕಳಿಸದಿದ್ದರೆ ಹಿಂದುಳಿದವರ ಗುಂಪು ಶಾಶ್ವತವಾಗಿ ಹಿಂದುಳಿದವರದೇ ಆಗಿಬಿಡುತ್ತದೆ. ಅರ್ಜಿಗಳು ಸೀಟಿಗಿಂತ ಹೆಚ್ಚಿದ್ದ ವರ್ಷ ಚೀಟಿ ಎತ್ತಿ ಸೇರಿಸಿಕೊಳ್ಳಿ, ಸೀಟು ಸಿಗದವರ ಓದನ್ನೂ ಅದೇ ಹಾಳೆಯಿಂದ ಅಳೆದಿಡಿ, ಮುಂದಿನ ಕಂತಿನಲ್ಲಿ ಅವರಿಗೇ ಮೊದಲ ಜಾಗ ಕೊಡಿ. ಕೊನೆಯ ಅಳತೆಗೆ ಬೇರೆ ಕಥೆ, ಬೇರೆ ಪದಗಳಿರಲಿ, ಮಟ್ಟ ಮಾತ್ರ ಅದೇ ಇರಲಿ. ಓದಿಸುವವರು ಆ ಮಗುವಿಗೆ ಪಾಠ ಹೇಳಿದವರಾಗಿರಬಾರದು, ಪ್ರೀತಿಯಿಂದಲೇ ಅಂಕ ಸಡಿಲವಾಗುತ್ತದೆ.

ಆ ಅಳತೆಯ ದಿನಾಂಕವನ್ನೂ ಯೋಚಿಸಿ ಇಡಬೇಕು. ಏಪ್ರಿಲ್ ಕೊನೆಗೆ ಇಟ್ಟರೆ ಅರ್ಧ ಮಕ್ಕಳು ಊರಿಗೆ ಹೋಗಿರುತ್ತಾರೆ. ಮಾರ್ಚ್‌ನಲ್ಲಿ ಇಟ್ಟರೂ ಆ ದಿನ ಬಾರದವರು ಹೆಚ್ಚಾಗಿ ಓದಲು ಕಷ್ಟಪಡುವವರೇ, ಅವರನ್ನು ಬಿಟ್ಟು ತೆಗೆದ ಸರಾಸರಿ ಸುಳ್ಳು ಹೇಳುತ್ತದೆ. ಎಲ್ ವಾರ್ಡಿನ ಪ್ರಯೋಗದಲ್ಲಿ ಬಾರದ ಮಕ್ಕಳನ್ನು ಮನೆಯವರೆಗೆ ಹುಡುಕಿಕೊಂಡು ಹೋಗಿ ಪರೀಕ್ಷೆ ಕೊಟ್ಟಿದ್ದರು. ಹೆಸರು, ಚಾಳಿನ ಕೋಣೆ ನಂಬರು, ಅಮ್ಮನ ಫೋನು, ಊರಿಗೆ ಹೊರಡುವ ತಾರೀಖು: ಜೂನ್‌ನಲ್ಲಿ ಹೆಸರು ನೋಂದಾಯಿಸುವಾಗಲೇ ಈ ನಾಲ್ಕನ್ನೂ ಬರೆದುಕೊಂಡಿದ್ದರೆ ಮಾರ್ಚ್‌ನಲ್ಲಿ ಆ ಮಗುವಿನ ಮನೆಯ ಬಾಗಿಲು ತಟ್ಟಬಹುದು.