ಬೀಳಿಸುವ ಮುಂಚೆ ಆಯ ತಪ್ಪಿಸಬೇಕು

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗೋಡೆಗೆ ಪಕ್ಕವಾಗಿ ಒತ್ತಿಕೊಂಡು ನಿಲ್ಲಿ. ಎಡ ಭುಜ, ಎಡ ಪಾದದ ಹೊರ ಅಂಚು ಎರಡೂ ಗೋಡೆಗೆ ತಾಗಿರಲಿ. ಈಗ ಬಲಗಾಲನ್ನು ಸುಮ್ನೆ ಪಕ್ಕಕ್ಕೆ ಎತ್ತಿ.

ಆಗುವುದಿಲ್ಲ. ಕಾಲಿಗೆ ಏನೂ ಆಗಿಲ್ಲ, ಶಕ್ತಿಯೂ ಇದೆ. ಆದರೂ ಅದು ನೆಲಕ್ಕೆ ಮೊಳೆ ಹೊಡೆದ ಹಾಗೆ ಕೂತಿರುತ್ತದೆ. ಬಲವಂತ ಮಾಡಿದರೆ ಬಲಕ್ಕೆ ವಾಲುತ್ತೀರಿ.

ಒಂದು ಕಾಲು ಎತ್ತಬೇಕಾದರೆ ಮೊದಲು ಮೈಭಾರ ಇನ್ನೊಂದು ಕಾಲಿನ ಮೇಲೆ ಹೋಗಬೇಕು. ಅದಕ್ಕಾಗಿ ಸೊಂಟ ತುಸು ಎಡಕ್ಕೆ ಸರಿಯಬೇಕು. ಗೋಡೆ ಅದಕ್ಕೆ ಬಿಡುವುದಿಲ್ಲ, ಅಷ್ಟೇ. ದಿನಕ್ಕೆ ಸಾವಿರಾರು ಸಲ ಮಾಡುವ ಕೆಲಸ ಇದು. ಪಾದ ಮೇಲೇಳುವ ಮುಂಚೆಯೇ ನಡೆದು ಹೋಗಿರುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ.

ಜೂಡೋ ಪಟು ಹೊಂಚು ಹಾಕಿ ಕಾಯುವುದು ಇದೇ ಗಳಿಗೆಗೆ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುತ್ತಿದೆ, ಇನ್ನೂ ಪೂರ್ತಿ ದಾಟಿಲ್ಲ. ಆಗ ಪಾದಕ್ಕೆ ಪಾದ ಕೊಟ್ಟು ಗುಡಿಸಿದರೆ ಸಾಕು, ತೊಂಬತ್ತು ಕಿಲೋ ಆಳು ಮಲಗಿಬಿಡುತ್ತಾನೆ. ನೋಡುವವರಿಗೆ ಏನೋ ಮಾಯೆಯಂತೆ ಕಾಣುತ್ತದೆ. ಅರ್ಧ ಸೆಕೆಂಡು ಬೇಗ ಅಥವಾ ತಡ ಮಾಡಿದರೆ ಮಾತ್ರ ಗುಡಿಸಿದವನ ಕಾಲಿಗೇ ಪೆಟ್ಟು.

ಎದುರಾಳಿಯನ್ನು ಇಂಥ ಸ್ಥಿತಿಗೆ ತರುವುದಕ್ಕೆ ಜಪಾನೀ ಭಾಷೆಯಲ್ಲಿ ಕುಜುಶಿ ಎನ್ನುತ್ತಾರೆ. ಗುಡ್ಡ ಜರಿಯುವಂತೆ, ಕಟ್ಟಿದ್ದು ಕುಸಿಯುವಂತೆ ಮಾಡುವುದು ಎಂದು ಅದರ ಅರ್ಥ. ನಮ್ಮ 'ಕುಸಿ'ಗೂ ಅದಕ್ಕೂ ನೆಂಟಸ್ತಿಕೆ ಏನಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭ ಅಲ್ವಾ? ನನಗೆ ಕೇಳಿದರೆ ಅದಕ್ಕೆ ಸರಿಯಾದ ಕನ್ನಡ 'ಆಯ ತಪ್ಪಿಸುವುದು'. ಜೂಡೋ ಪಾಠದಲ್ಲಿ ಎಸೆತಕ್ಕೆ ಮೂರು ಹಂತ: ಆಯ ತಪ್ಪಿಸು, ನಿನ್ನ ಮೈಯನ್ನು ಸರಿಯಾದ ಜಾಗಕ್ಕೆ ತಂದುಕೋ, ಆಮೇಲೆ ಎಸೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ. ನೇರವಾಗಿ ಮೂರನೆಯದಕ್ಕೆ ಕೈ ಹಾಕುತ್ತಾರೆ.

ಇದನ್ನು ಒಂದು ಶಾಸ್ತ್ರದಂತೆ ಕೂತು ಯೋಚಿಸಿದವನು ಜೂಡೋ ಕಟ್ಟಿದ ಜಿಗೊರೊ ಕಾನೊ. 1860ರಲ್ಲಿ ಈಗಿನ ಕೋಬೆ ನಗರಕ್ಕೆ ಸೇರಿದ ಮಿಕಾಗೆಯಲ್ಲಿ ಹುಟ್ಟಿದ. ಓದಿನಲ್ಲಿ ಮುಂದು, ಮೈಯಲ್ಲಿ ಬಡಕಲು. ಸಹಪಾಠಿಗಳ ಕೈಯಲ್ಲಿ ಏಟು ತಿಂದು ಸಾಕಾಗಿ ಜುಜುತ್ಸು ಎಂಬ ಜಪಾನಿನ ಹಳೆಯ ಮಲ್ಲವಿದ್ಯೆ ಕಲಿಯಲು ಹೋದ. ಅವನು ಕಲಿತ ಎರಡನೆಯ ಪರಂಪರೆಯ ಹೆಸರು ಕಿತೋ. ಕಿ ಎಂದರೆ ಏಳು, ತೋ ಎಂದರೆ ಬೀಳು. ಅಂದರೆ ಏಳುಬೀಳಿನ ಶಾಲೆ!

ಅಲ್ಲಿನ ಗುರು ಈಕುಬೊಗೆ ಆಗ ಐವತ್ತು ದಾಟಿತ್ತು. ಆದರೂ ಕಾನೊನನ್ನು ಸಲೀಸಾಗಿ ಎತ್ತಿ ಹಾಕುತ್ತಿದ್ದ. 1885ರ ಸುಮಾರಿಗೆ ಒಂದು ದಿನ ಎಲ್ಲ ತಿರುವುಮುರುವಾಯಿತು. ಗುರುವಿನ ಎಸೆತ ಒಂದೂ ನಡೆಯಲಿಲ್ಲ, ಕಾನೊ ಮಾಡಿದ್ದೆಲ್ಲ ನಡೆಯಿತು. ಏನಿದು ಎಂದು ಕೇಳಿದಾಗ ಕಾನೊ ತಾನು ಕಂಡುಕೊಂಡದ್ದನ್ನು ಹೇಳಿದ. ತಳ್ಳಿದರೆ ಎದುರಿನವನು ತಿರುಗಿ ತಳ್ಳುತ್ತಾನೆ, ಎಳೆದರೆ ತಿರುಗಿ ಎಳೆಯುತ್ತಾನೆ. ಆ ಪ್ರತಿಕ್ರಿಯೆಯಲ್ಲೇ ಅವನ ಆಯ ತಪ್ಪುತ್ತದೆ. ಅದು ತಪ್ಪಿದ ಮೇಲೆ ಮಾತ್ರ ಎಸೆಯಬೇಕು. ಇನ್ನು ನಿನಗೆ ಕಲಿಸುವುದೇನೂ ಉಳಿದಿಲ್ಲ ಎಂದನಂತೆ ಗುರು. ಈ ಕಥೆಯನ್ನು ಕಾನೊನೇ ಹೇಳಿಕೊಂಡದ್ದು, ಆದ್ದರಿಂದ ಸ್ವಲ್ಪ ಒಗ್ಗರಣೆ ಇದ್ದರೂ ಇರಬಹುದು.

1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಭಾಷಣದಲ್ಲಿ ಕಾನೊ ಒಂದು ಲೆಕ್ಕ ಹೇಳುತ್ತಾನೆ. ನಿಮ್ಮೆದುರು ನಿಂತವನ ಶಕ್ತಿ 10, ನಿಮ್ಮದು 7 ಎಂದುಕೊಳ್ಳಿ. ಅವನು ತಳ್ಳಿದಾಗ ನೀವೂ ತಳ್ಳಿದರೆ ಸೋಲು ನಿಮ್ಮದೇ. ಬದಲಿಗೆ ನಿಮ್ಮ ಆಯ ಕಾಪಾಡಿಕೊಂಡು, ಅವನು ತಳ್ಳಿದಷ್ಟೇ ಹಿಂದೆ ಸರಿಯಿರಿ. ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆ ಕ್ಷಣಕ್ಕೆ ಅವನ ಬಳಕೆಗೆ ಸಿಗುವ ಶಕ್ತಿ 3 ಮಾತ್ರ, ನಿಮ್ಮದು 7 ಹಾಗೇ ಇದೆ. ಅದರಲ್ಲಿ ಅರ್ಧ ಸಾಕು ಅವನನ್ನು ಕೆಡವಲು. ಜೂಡೋ ಎಂಬ ಹೆಸರಿನಲ್ಲಿರುವ 'ಜು' ಇದೇ: ಮೆದು, ಬಾಗುವ ಗುಣ. 'ದೋ' ಎಂದರೆ ದಾರಿ.

ಈಗ ಸ್ವಲ್ಪ ಭೌತವಿಜ್ಞಾನ. ನಮ್ಮ ಮೈಯ ತೂಕವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದುಕೊಂಡರೆ, ನಿಂತಾಗ ಆ ಬಿಂದು ಹೊಕ್ಕುಳಿನ ಸ್ವಲ್ಪ ಕೆಳಗೆ, ಸೊಂಟದ ಮೂಳೆಗಳ ನಡುವೆ ಇರುತ್ತದೆ. ಅಲ್ಲಿಂದ ಒಂದು ತೂಗುಗುಂಡು ಇಳಿಬಿಟ್ಟರೆ ಅದು ಎರಡು ಪಾದಗಳು ಸುತ್ತುವರಿದ ಜಾಗದೊಳಗೆ ಬೀಳಬೇಕು. ಹೊರಗೆ ಹೋಯಿತೋ, ಹೆಜ್ಜೆ ಇಡಬೇಕು ಇಲ್ಲವೇ ಬೀಳಬೇಕು. ನೆಟ್ಟಗೆ ನಿಂತವರಲ್ಲಿ ಈ ಗುಂಡು ಕಣಕಾಲಿಗಿಂತ ಕೆಲವು ಸೆಂಟಿಮೀಟರ್ ಮುಂದೆ ಇರುತ್ತದೆ. ಅಂದರೆ ನಾವು ಸದಾ ಮುಂದಕ್ಕೆ ಬೀಳುತ್ತಲೇ ಇರುತ್ತೇವೆ, ಮೀನಖಂಡದ ಸ್ನಾಯುಗಳು ಎಳೆದು ಹಿಡಿದಿರುತ್ತವೆ. ಅಲ್ಲಾಡದೆ ನಿಂತಿದ್ದೇನೆ ಎಂದುಕೊಂಡವನೂ ಸೂಕ್ಷ್ಮ ಉಪಕರಣದ ಮೇಲೆ ನಿಂತರೆ ಗಾಳಿಗೆ ಓಲಾಡುವ ಜೋಳದ ದಂಟು.

ಜಪಾನಿನ ಗುರುಗಳು ಹೊಕ್ಕುಳಿನ ಎರಡು ಮೂರು ಬೆರಳು ಕೆಳಗಿನ ಜಾಗವನ್ನು ತಾಂದೆನ್ ಎನ್ನುತ್ತಾರೆ. ಉಸಿರು ಅಲ್ಲಿಗಿಳಿಯಲಿ, ನಡೆ ಅಲ್ಲಿಂದ ಹೊರಡಲಿ ಎಂದು ಕಲಿಸುತ್ತಾರೆ. ಭೌತವಿಜ್ಞಾನದ ಬಿಂದುವೂ ಹೆಚ್ಚುಕಡಿಮೆ ಅಲ್ಲೇ ಇದೆ. ಹಾಗಂತ ಪ್ರಾಚೀನರಿಗೆ ಎಲ್ಲ ಗೊತ್ತಿತ್ತು ಎಂದು ಕುಣಿಯಬೇಕಿಲ್ಲ. ದಿನವಿಡೀ ಬೀಳಿಸಿ ಬಿದ್ದು ಬದುಕಿದವರಿಗೆ ಮೈ ಎಲ್ಲಿಂದ ತಿರುಗುತ್ತದೆ ಎಂಬುದು ತಿಳಿಯದೇ ಇರುತ್ತದೆಯೇ?

ಮೈ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ಚಾಡಿಕೋರರು ಮೂವರು. ಕಣ್ಣು ಒಬ್ಬ. ಒಳಕಿವಿ ಇನ್ನೊಬ್ಬ. ಅಲ್ಲಿ ದ್ರವ ತುಂಬಿದ ಮೂರು ಕೊಳವೆಗಳು ತಲೆ ತಿರುಗುವುದನ್ನು ಹೇಳಿದರೆ, ಸುಣ್ಣಕಲ್ಲಿನಲ್ಲಿರುವ ಅದೇ ವಸ್ತುವಿನ ಪುಟ್ಟ ಹರಳುಗಳು ವಾಲುವುದನ್ನು ಹೇಳುತ್ತವೆ. ಮೂರನೆಯವನು ಮೈಯೇ: ಅಂಗಾಲಿನ ಒತ್ತಡ, ಸ್ನಾಯುಗಳ ಸೆಳೆತ, ಕೀಲುಗಳ ಬಾಗು. ಫ್ರಾನ್ಸಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೂಡೋ ಪಟುಗಳನ್ನೂ ಬ್ಯಾಲೆ ನರ್ತಕರನ್ನೂ ಹೋಲಿಸಿದರು. ಕಣ್ಣು ಮುಚ್ಚಿಸಿದಾಗ ಜೂಡೋದವರೇ ಗಟ್ಟಿಯಾಗಿ ನಿಂತರು. ಆಶ್ಚರ್ಯವಿಲ್ಲ. ಕುಸ್ತಿಯಲ್ಲಿ ಎದುರಾಳಿಯ ಎದೆಗೆ ಮುಖ ಒತ್ತಿರುವಾಗ ಕಣ್ಣಿಗೆ ಕಾಣುವುದಾದರೂ ಏನು?

ಆಗ ನೋಡುವುದು ಕೈ. ಜೂಡೋದಲ್ಲಿ ಒಂದು ಕೈ ಎದುರಾಳಿಯ ತೋಳಿನ ಬಟ್ಟೆ ಹಿಡಿದಿರುತ್ತದೆ, ಇನ್ನೊಂದು ಕೊರಳಪಟ್ಟಿ. ಹೊಸಬರು ಬೆರಳು ಬೆಳ್ಳಗಾಗುವಂತೆ ಹಿಡಿಯುತ್ತಾರೆ. ಪಳಗಿದವರ ಹಿಡಿತ ಸಡಿಲ. 1994ರಲ್ಲಿ ಅಮೆರಿಕದ ಜಾನ್ ಜೆಕಾ ಮತ್ತು ಜೇಮ್ಸ್ ಲ್ಯಾಕ್ನರ್ ಒಂದು ಸೊಗಸಾದ ಸಂಗತಿ ತೋರಿಸಿದರು. ಕಷ್ಟದ ಭಂಗಿಯಲ್ಲಿ ನಿಂತವರು ಒಂದು ಬೆರಳ ತುದಿಯನ್ನು ಪಕ್ಕದ ಕಂಬಿಗೆ ಸೋಕಿಸಿದರೆ ಸಾಕು, ಓಲಾಟ ತುಂಬ ಕಡಿಮೆಯಾಗುತ್ತದೆ. ಸೋಕಿಸುವ ಬಲ 100 ಗ್ರಾಂ ತೂಕಕ್ಕಿಂತ ಕಡಿಮೆ. ಅಷ್ಟರಿಂದ ಮೈಗೆ ಆಸರೆ ಸಿಗುವುದಿಲ್ಲ, ಸಿಗುವುದು ಸುದ್ದಿ ಮಾತ್ರ. ಸಡಿಲ ಹಿಡಿತದ ಗುಟ್ಟೂ ಇದೇ ಎಂದು ನನ್ನ ಊಹೆ. ಎದುರಾಳಿಯ ಭಾರ ಬಲಗಾಲಿಗೆ ಜಾರಿದ್ದನ್ನು ಅವನ ತೋಳಿನ ಬಟ್ಟೆ ನಿಮ್ಮ ಬೆರಳಿಗೆ ಹೇಳಿಬಿಡುತ್ತದೆ. ಬಿಗಿಹಿಡಿದ ಮುಷ್ಟಿಗೆ ತನ್ನ ಬಿಗಿಯೇ ಕೇಳಿಸುತ್ತಿರುತ್ತದೆ.

ಇಲ್ಲಿಗೆ ಮನಸ್ಸಿನ ಮಾತು ಬಂತು. 17ನೇ ಶತಮಾನದಲ್ಲಿ ತಕುವಾನ್ ಎಂಬ ಝೆನ್ ಸನ್ಯಾಸಿಯಿದ್ದ. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಕತ್ತಿವರಸೆಯ ಗುರು ಯಾಗ್ಯೂ ಮುನೆನೊರಿಗೆ ಆತ ಬರೆದ ಒಂದು ಪತ್ರ ಇವತ್ತಿಗೂ ಬುದೋ, ಅಂದರೆ ಜಪಾನಿನ ಸಮರಕಲೆ, ಕಲಿಯುವವರ ಬಾಯಲ್ಲಿದೆ. ಅದರ ಸಾರ ಇಷ್ಟು: ಮನಸ್ಸು ಎಲ್ಲಿಯೂ ನಿಲ್ಲಬಾರದು. ಎದುರಾಳಿಯ ಕತ್ತಿಯ ಮೇಲೆ ನಿಂತರೆ ಕತ್ತಿಯೇ ನಿನ್ನನ್ನು ಹಿಡಿಯಿತು. ನಿನ್ನ ಕತ್ತಿಯ ಮೇಲೆ ನಿಂತರೂ ಅದೇ ಗತಿ. ಸಾವಿರ ಕೈಯ ಕನ್ನೊನ್‌ಳನ್ನು ನೋಡು, ಮನಸ್ಸು ಒಂದು ಕೈಗೆ ಅಂಟಿದರೆ ಉಳಿದ ಒಂಬೈನೂರ ತೊಂಬತ್ತೊಂಬತ್ತೂ ದಂಡ. ಕನ್ನೊನ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಕಡೆಯಿಂದಲೇ ಹೋದ ಅವಲೋಕಿತೇಶ್ವರ. ಝೆನ್ ಎಂಬ ಮಾತೂ ಧ್ಯಾನವೇ, ಚೀನಾದಲ್ಲಿ ಚಾನ್ ಆಗಿ ಜಪಾನಿಗೆ ಹೋಯಿತು. ಆ ಪತ್ರದಲ್ಲಿ ಬರುವ ಫುದೋ ಎಂಬ ಉಗ್ರ ದೇವತೆ ಸಂಸ್ಕೃತದ ಅಚಲ. ತಮಾಷೆಯೆಂದರೆ ತಕುವಾನ್ ಹೇಳುವ ಅಚಲ ಬಂಡೆಯಂತೆ ಕೂತಿರುವುದಲ್ಲ. ಎತ್ತ ಬೇಕಾದರೂ ಹರಿಯುತ್ತ, ಎಲ್ಲಿಯೂ ಸಿಕ್ಕಿಕೊಳ್ಳದ ಮನಸ್ಸೇ ಅಚಲ.

ನಿಂತ ಮೈಯ ಕಥೆಯೂ ಇದೇ ಅಲ್ವಾ? ಓಲಾಡುವುದನ್ನು ಬಿಟ್ಟ ದೇಹ ಸ್ಥಿರವಾಗುವುದಿಲ್ಲ, ಸೆಟೆದುಕೊಳ್ಳುತ್ತದೆ. ಸೆಟೆದುಕೊಂಡ ಮೈಯನ್ನು ಬೀಳಿಸುವಷ್ಟು ಸುಲಭ ಇನ್ನೊಂದಿಲ್ಲ.

ಗಮನ ಎಲ್ಲಿರಬೇಕು ಎಂಬುದನ್ನು ಪ್ರಯೋಗಾಲಯದಲ್ಲೂ ನೋಡಿದ್ದಾರೆ. 1998ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು ಸ್ಕೀಯಿಂಗ್ ಹೋಲುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರಿಗೆ ನಿಮ್ಮ ಪಾದದ ಕಡೆ ಗಮನ ಕೊಡಿ ಎಂದರು, ಕೆಲವರಿಗೆ ಪಾದದ ಕೆಳಗಿನ ಚಕ್ರಗಳ ಕಡೆ. ಎರಡಕ್ಕೂ ಇರುವ ಅಂತರ ಎಷ್ಟು? ಗೇಣೂ ಇಲ್ಲ. ಆದರೂ ಚಕ್ರ ನೋಡಿಕೊಂಡವರೇ ಚೆನ್ನಾಗಿ ಕಲಿತರು. ಮೈ ತಾನಾಗಿ ಮಾಡುವ ಕೆಲಸಕ್ಕೆ ನಾವು ಮೇಲ್ವಿಚಾರಕರಾಗಿ ನಿಂತರೆ ಅದು ತೊದಲುತ್ತದೆ.

ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ವಾಲಿದ ಕಣಕಾಲಿನ ಸ್ನಾಯುವಿನ ಮೊದಲ ಪ್ರತಿಕ್ರಿಯೆಗೆ ಅದರ ಕಾಲು ಭಾಗ ಸಾಕು. ಯೋಚಿಸಿ ಆಯ ಕಾಪಾಡಿಕೊಳ್ಳಲು ಹೊರಟವನು ಯಾವಾಗಲೂ ತಡವಾಗಿಯೇ ತಲುಪುತ್ತಾನೆ.

ಹಾಗಾದರೆ ಈ ವಿದ್ಯೆಗಳವರು ಹೇಳುವ 'ಕಿ' ಎಂಬ ಪ್ರಾಣಶಕ್ತಿ? (ಕಿತೋದಲ್ಲಿರುವ ಕಿ ಬೇರೆ, ಇದು ಬೇರೆ.) ಮೊರಿಹೆಯಿ ಉಯೆಶಿಬಾ ಕಟ್ಟಿದ ಐಕಿದೋ ಎಂಬ ಸಮರಕಲೆಯ ಹೆಸರಿನಲ್ಲೇ ಅದಿದೆ. ಅದರ ಪ್ರದರ್ಶನಗಳಲ್ಲಿ ಬಗ್ಗದ ತೋಳಿನದೊಂದು ಆಟ ಇರುತ್ತದೆ. ತೋಳು ಚಾಚಿ ಪೂರ್ತಿ ಬಲ ಹಾಕಿ ನಿಂತವನ ಕೈಯನ್ನು ಇನ್ನೊಬ್ಬ ಬಗ್ಗಿಸುತ್ತಾನೆ. ಆಮೇಲೆ, ಬಲ ಬಿಡು, ಬೆರಳ ತುದಿಯಿಂದ ನೀರು ದೂರಕ್ಕೆ ಚಿಮ್ಮುತ್ತಿದೆ ಎಂದುಕೋ ಎನ್ನುತ್ತಾರೆ. ಕೈ ಬಗ್ಗುವುದಿಲ್ಲ. ಇದಕ್ಕೆ ಗುಟ್ಟಿನ ಶಕ್ತಿ ಬೇಕಿಲ್ಲ. ಬಲ ಹಾಕು ಎಂದಾಗ ನಾವು ತೋಳಿನ ಮುಂದಿನ, ಹಿಂದಿನ ಎರಡೂ ಸ್ನಾಯುಗಳನ್ನು ಬಿಗಿಯುತ್ತೇವೆ. ಮುಂದಿನದರ ಕೆಲಸವೇ ಕೈ ಬಗ್ಗಿಸುವುದು, ಅಂದರೆ ನಾವೇ ಎದುರಾಳಿಗೆ ನೆರವಾಗುತ್ತಿರುತ್ತೇವೆ. ನೀರು ಚಿಮ್ಮಿಸುವಾಗ ಕೈ ನೇರ ಮಾಡುವ ಸ್ನಾಯು ಮಾತ್ರ ದುಡಿಯುತ್ತದೆ. ಕಿ ಎನ್ನುವುದನ್ನು ಅಳೆಯಬಲ್ಲ ಶಕ್ತಿ ಎಂದುಕೊಂಡರೆ ನಾನು ಒಪ್ಪುವುದಿಲ್ಲ. ಪಾಠ ಹೇಳಲು ಬಳಸುವ ಮಾತು ಎಂದುಕೊಂಡರೆ ಬಹಳ ಜಾಣ ಮಾತು. ಹಿಂದಿನ ಸ್ನಾಯು ಬಿಗಿ, ಮುಂದಿನದು ಸಡಿಲಿಸು ಎಂದರೆ ಯಾರಿಗೂ ಬರುವುದಿಲ್ಲ, ನೀರು ಎಂದರೆ ಮಕ್ಕಳಿಗೂ ಬರುತ್ತದೆ.

ಇನ್ನೂ ಎರಡು ಮಾತು ಮರೆಯಬಾರದು. ಆಯದ ವಿದ್ಯೆ ಗಾತ್ರವನ್ನು ಗೆದ್ದೇ ಗೆಲ್ಲುತ್ತದೆ ಎಂದೇನಿಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಸಲ ಬಂತು. ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಜಪಾನಿನ ಅಕಿಯೊ ಕಾಮಿನಾಗನನ್ನು ನೆದರ್ಲೆಂಡ್ಸ್‌ನ ಆಂಟನ್ ಗೇಸಿಂಕ್ ನೆಲಕ್ಕೆ ಒತ್ತಿ ಹಿಡಿದು ಗೆದ್ದ. ಆರೂವರೆ ಅಡಿ ಎತ್ತರದ ಆಳು. ಅವನಿಗೂ ಆಯದ ವಿದ್ಯೆ ಗೊತ್ತಿತ್ತು! ಇನ್ನೊಂದು ಮಾತು ಅಷ್ಟು ಹಗುರವಲ್ಲ. ಅಂಟದ ಮನಸ್ಸು, ಸಾವಿಗೆ ಹೆದರದ ಮನಸ್ಸು ಎಂಬ ಮಾತುಗಳನ್ನು ಯುದ್ಧದ ವರ್ಷಗಳಲ್ಲಿ ಜಪಾನಿನ ಸೈನ್ಯ ತನಗೆ ಬೇಕಾದಂತೆ ಬಳಸಿಕೊಂಡಿತು. ಅದಕ್ಕೇ 1945ರ ನಂತರ ಜಪಾನನ್ನು ವಶಕ್ಕೆ ತೆಗೆದುಕೊಂಡ ಅಮೆರಿಕದ ಆಡಳಿತ ಅಲ್ಲಿನ ಶಾಲೆಗಳಲ್ಲಿ ಈ ವಿದ್ಯೆಗಳನ್ನು ನಿಲ್ಲಿಸಿತು. ಜೂಡೋ ಶಾಲೆಗಳಿಗೆ ಮರಳಿದ್ದು 1950ರಲ್ಲಿ.

ಇಷ್ಟೆಲ್ಲ ಆದರೂ ಜೂಡೋ ತರಗತಿಗೆ ಸೇರಿದವರಿಗೆ ಮೊದಲು ಕಲಿಸುವುದು ಬೀಳಿಸುವುದನ್ನಲ್ಲ, ಬೀಳುವುದನ್ನು. ಉಕೆಮಿ ಎನ್ನುತ್ತಾರೆ. ಗದ್ದ ಎದೆಗೆ ಒತ್ತಿ ಸೊಂಟದ ಪಟ್ಟಿಯ ಗಂಟು ನೋಡುತ್ತಿರಬೇಕು, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿರಬೇಕು. ಮೈ ನೆಲ ಮುಟ್ಟುವಾಗಲೇ ತೋಳು, ಅಂಗೈ ಚಾಪೆಗೆ ಪಟಾರನೆ ಬಡಿಯಬೇಕು. ಪೆಟ್ಟು ಒಂದೇ ಕಡೆ ಕೂರದೆ ಹರಡಿಕೊಳ್ಳುತ್ತದೆ, ಉರುಳಿದರೆ ನಿಲ್ಲಲು ಸಮಯವೂ ಜಾಸ್ತಿ ಸಿಗುತ್ತದೆ. ಸಮಯ ಹೆಚ್ಚಿದಷ್ಟು ಬಲ ಕಡಿಮೆ. ಇದು ನ್ಯೂಟನ್‌ನ ಲೆಕ್ಕ.

ಹೋದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿದಾಗ ನಾನು ಇದ್ಯಾವುದನ್ನೂ ಮಾಡಲಿಲ್ಲ. ಎಲ್ಲರಂತೆ ಕೈ ಚಾಚಿದೆ. ಮಣಿಕಟ್ಟು ಮೂರು ವಾರ ನೋಯಿತು.

ನೆದರ್ಲೆಂಡ್ಸ್‌ನ ಸಂಶೋಧಕರು 2007ರಲ್ಲಿ ಇದನ್ನೇ ಅಳೆದರು. ಮಂಡಿಯೂರಿ ಕೂತು ಪಕ್ಕಕ್ಕೆ ಬಿದ್ದಾಗ, ಕೈ ಚಾಚಿ ತಡೆಯುವುದಕ್ಕಿಂತ ಜೂಡೋ ಮಾದರಿಯಲ್ಲಿ ಉರುಳಿದರೆ ಸೊಂಟದ ಮೇಲೆ ಬೀಳುವ ಬಲ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಅದೇ ದೇಶದಲ್ಲಿ ವಯಸ್ಸಾದವರಿಗೆ ಬೀಳುವ ಭಯ ಹೋಗಿಸುವ ತರಬೇತಿಯಲ್ಲಿ ಈ ಉರುಳುವ ಪಾಠವನ್ನೂ ಸೇರಿಸಿದ್ದಾರೆ. ಮೆತ್ತನೆ ಹಾಸಿನ ಮೇಲೆ ಅಜ್ಜ ಅಜ್ಜಿಯರು ಸಾಲಾಗಿ ಬೀಳುತ್ತಾರೆ, ಏಳುತ್ತಾರೆ, ಮತ್ತೆ ಬೀಳುತ್ತಾರೆ.

1882ರಲ್ಲಿ ಕಾನೊ ತನ್ನ ಶಾಲೆ ತೆರೆದದ್ದು ಟೋಕಿಯೋದ ಎಯಿಶೋಜಿ ಎಂಬ ಬೌದ್ಧ ದೇವಸ್ಥಾನದಲ್ಲಿ. ಹನ್ನೆರಡು ಚಾಪೆ ಹಾಸುವಷ್ಟು ಜಾಗ, ಬೆರಳೆಣಿಕೆಯ ಶಿಷ್ಯರು. ಅವರು ಬಿದ್ದ ರಭಸಕ್ಕೆ ಪಕ್ಕದ ಪೂಜಾಗೃಹದಲ್ಲಿ ಸತ್ತವರ ಹೆಸರಿನ ಹಲಗೆಗಳು ಅಲುಗಾಡಿ ಉರುಳುತ್ತಿದ್ದವಂತೆ. ಅರ್ಚಕರು ಬಂದು ಗೊಣಗುತ್ತಿದ್ದರು. ನೆಲದ ಹಲಗೆ ಮುರಿದ ರಾತ್ರಿ ಕಾನೊನೇ ದೀಪ ಹಿಡಿದು ನೆಲದಡಿಗೆ ತೆವಳಿಕೊಂಡು ಹೋಗಿ ಅದಕ್ಕೆ ಆನಿಕೆ ಕೊಟ್ಟು ಬರುತ್ತಿದ್ದ.